ಊರು ಬಿಟ್ಟು ಮೊದಲ ಕೆಲಸಕ್ಕೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಗದಗ ಜಿಲ್ಲೆಯ ರೋಣ ತಾಲ್ಲೂಕಿನವನು. ಐಟಿಐ ಫಿಟ್ಟರ್ ಮುಗಿಸಿ 2011ರಲ್ಲಿ ಬೆಂಗಳೂರಿನ ಪೀಣ್ಯಕ್ಕೆ ಬಂದೆ. ಈಗ ಅಲ್ಲೇ ಒಂದು ಮೆಷಿನ್ ಶಾಪಿನಲ್ಲಿ ಸೂಪರ್‌ವೈಸರ್. ಹೊಸಬರನ್ನು ತಗೊಳ್ಳುವಾಗ ನನ್ನನ್ನೂ ಕೂರಿಸಿಕೊಳ್ಳುತ್ತಾರೆ. ರಿಸಲ್ಟ್ ಬರುವ ಹೊತ್ತಿಗೆ ಊರ ಕಡೆಯಿಂದ ಫೋನ್ ಶುರುವಾಗುತ್ತವೆ. ಮೊದಲು ಕೆಲಸದ ಬಗ್ಗೆ ಕೇಳುತ್ತಾರೆ. ಆಮೇಲೆ ದನಿ ತಗ್ಗಿಸಿ ಮನೆಯ ಬಗ್ಗೆ ಕೇಳುತ್ತಾರೆ: ಮಾಮನ ಮನೆಯಲ್ಲಿ ಎಷ್ಟು ದಿನ ಇರಬಹುದು, ಕಾಕಾ ದುಡ್ಡು ಕೇಳಿದರೆ ಏನು ಹೇಳಲಿ, ಪಂಚಮಿಗೆ ರಜೆ ಕೊಡ್ತಾರಾ. ಎರಡನ್ನೂ ಒಟ್ಟಿಗೇ ಬರೆದಿದ್ದೇನೆ. ನನಗಂತೂ ಮೊದಲ ಕೆಲಸ ಸಿಕ್ಕಿದ್ದೇ ಸೋದರಮಾವನಿಂದ.

ಅನುಭವ ಇಲ್ಲ. ಆದರೂ ಕೆಲಸ ಸಿಗುತ್ತಾ?

ಸಿಗುತ್ತೆ. ಪೀಣ್ಯ, ಬೊಮ್ಮಸಂದ್ರ, ಜಿಗಣಿ, ಬಿಡದಿ, ಕೋಲಾರದ ನರಸಾಪುರ, ಈ ಕಡೆಯೆಲ್ಲ ಹೊಸಬರು ಬೇಕೇ ಬೇಕು. ಐಟಿಐ ಆದವರಿಗೆ ಮೆಷಿನ್ ಆಪರೇಟರ್, ಹೆಲ್ಪರ್, ಕ್ವಾಲಿಟಿ ಚೆಕಿಂಗ್. ಪಿಯುಸಿ ಆದವರಿಗೆ ಪ್ಯಾಕಿಂಗ್, ಸ್ಟೋರ್ಸ್, ಅಂಗಡಿ ಬಿಲ್ಲಿಂಗ್, ಡೆಲಿವರಿ. ಡಿಗ್ರಿ ಆದವರಿಗೆ ಟೆಲಿಕಾಲಿಂಗ್, ಡೇಟಾ ಎಂಟ್ರಿ, ಅಕೌಂಟ್ಸ್ ಅಸಿಸ್ಟೆಂಟ್. ಮೊದಲ ಸಂಬಳ ನೀವು ಅಂದುಕೊಂಡದ್ದಕ್ಕಿಂತ ಕಡಿಮೆ ಇರುತ್ತೆ. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಬನ್ನಿ.

ನಮ್ಮಲ್ಲಿ ಇಂಟರ್ವ್ಯೂ ಹೇಗಿರುತ್ತೆ ಅಂತ ಹೇಳುತ್ತೇನೆ. ಮೇಜಿನ ಮೇಲೆ ಒಂದು ವರ್ನಿಯರ್ ಕ್ಯಾಲಿಪರ್ (ಸಣ್ಣ ಅಳತೆ ತೆಗೆಯುವ ಸಾಧನ), ಲೇತಿನಲ್ಲಿ ತಿರುಗಿಸಿದ ಒಂದು ಪೀಸ್ ಇಟ್ಟಿರುತ್ತೇವೆ. "ಇದರ ಓಡಿ ಎಷ್ಟು, ಅಳೆದು ಹೇಳಪ್ಪ" ಅನ್ನುತ್ತೇವೆ. ಹೊರಗಿನ ವ್ಯಾಸ ಅಂತ ಅರ್ಥ. ಮಾರ್ಕ್ಸ್ ಕಾರ್ಡಿನಲ್ಲಿ ಎಂಬತ್ತು ಪರ್ಸೆಂಟ್ ಇರುವ ಹುಡುಗರೂ ಅಲ್ಲಿ ಬೆವರುತ್ತಾರೆ. ವರ್ನಿಯರಿನ ಲೀಸ್ಟ್ ಕೌಂಟ್, ಅಂದರೆ ಅದು ತೋರಿಸುವ ಅತಿ ಸಣ್ಣ ಅಳತೆ, 0.02 ಮಿಲಿಮೀಟರ್, ಮೈಕ್ರೋಮೀಟರಿನದು 0.01. ಈ ಎರಡನ್ನು ಓದಲು ಬಂದರೆ, ಪೀಸನ್ನು ಒರೆಸಿ, ವರ್ನಿಯರಿನ ಜೀರೋ ನೋಡಿ ಆಮೇಲೆ ಅಳೆದರೆ, ಅರ್ಧ ಕೆಲಸ ಸಿಕ್ಕ ಹಾಗೇ. ಬರುವ ಮುಂಚೆ ನಿಮ್ಮ ಐಟಿಐ ಮೇಷ್ಟ್ರ ಹತ್ತಿರ ಹೋಗಿ ಒಂದು ವಾರ ಬರೀ ಇದನ್ನೇ ಕಲಿಯಿರಿ.

ಎಲ್ಲಿ, ಹೇಗೆ ಕೇಳಬೇಕು?

ಪೀಣ್ಯದಲ್ಲಿ ಈಗಲೂ ಗೇಟಿನ ಬೋರ್ಡೇ ದೊಡ್ಡ ಜಾಹೀರಾತು. "ಆಪರೇಟರ್ ಬೇಕಾಗಿದ್ದಾರೆ" ಅಂತ ಬರೆದು ನಂಬರ್ ಹಾಕಿರುತ್ತಾರೆ. ಬೆಳಗ್ಗೆ ಒಂಬತ್ತೂವರೆಯಿಂದ ಹನ್ನೊಂದರೊಳಗೆ ಹೋಗಿ. ಅದಕ್ಕೂ ಮುಂಚೆ ಶಿಫ್ಟ್ ಬದಲಾಗುವ ಗಡಿಬಿಡಿ, ಮಧ್ಯಾಹ್ನದ ಮೇಲೆ ಹೋದರೆ "ನಾಳೆ ಬಾ" ಅನ್ನುತ್ತಾರೆ. ಸೆಕ್ಯೂರಿಟಿ ಅಣ್ಣನ ಹತ್ತಿರ ಮರ್ಯಾದೆಯಿಂದ ಮಾತಾಡಿ. ಎಷ್ಟೋ ಕಡೆ ಬಯೋಡಾಟಾ ಒಳಗೆ ಹೋಗುವುದು ಅವನ ಕೈಯಿಂದಲೇ.

ಸರ್ಕಾರದ ಕಡೆಯಿಂದ ಕೌಶಲ್ಯಕರ್ ಪೋರ್ಟಲ್ ಇದೆ, ಕೇಂದ್ರದ ನ್ಯಾಷನಲ್ ಕೆರಿಯರ್ ಸರ್ವಿಸ್ ಇದೆ. ಎರಡರಲ್ಲೂ ಹೆಸರು ನೋಂದಾಯಿಸಲು ಕಾಸು ಕೊಡಬೇಕಿಲ್ಲ. ಉದ್ಯೋಗ ಮೇಳಗಳಿಗೂ ಹೋಗಿ. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಯುವ ಸಮೃದ್ಧಿ ಸಮ್ಮೇಳನ ಅಂತ ರಾಜ್ಯ ಮಟ್ಟದ ದೊಡ್ಡ ಮೇಳವೇ ನಡೆದಿತ್ತು. ಜಿಲ್ಲೆಗಳಲ್ಲೂ ಆಗಾಗ ನಡೆಯುತ್ತವೆ. ಮೇಳಕ್ಕೆ ಬಯೋಡಾಟಾದ ಹತ್ತು ಜೆರಾಕ್ಸ್ ಒಯ್ಯಿರಿ. ಅಲ್ಲಿ ಜೆರಾಕ್ಸ್ ಅಂಗಡಿ ಹುಡುಕುತ್ತಾ ಕೂತರೆ ಹೊತ್ತು ಹೋಗುತ್ತೆ.

ಯಾವ ಕಾಗದ ತರಬೇಕು?

ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಮಾರ್ಕ್ಸ್ ಕಾರ್ಡುಗಳು, ಆರು ಫೋಟೋ. ಪ್ಯಾನ್ ಇಲ್ಲದಿದ್ದರೆ ಆದಾಯ ತೆರಿಗೆಯ ವೆಬ್‌ಸೈಟಿನಲ್ಲಿ ಆಧಾರ್ ಮೂಲಕ ಇ-ಪ್ಯಾನ್ ಪುಕ್ಕಟೆ ಸಿಗುತ್ತೆ.

ಆದರೆ ನಿಜವಾದ ತೊಂದರೆ ಹೆಸರಿನದು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ "ಬಸವರಾಜ", ಆಧಾರಿನಲ್ಲಿ "ಬಸಪ್ಪ", ಬ್ಯಾಂಕಿನಲ್ಲಿ ಅಡ್ಡಹೆಸರು ಮುಂದೆ. ಹುಟ್ಟಿದ ತಾರೀಕು ಒಂದರಲ್ಲಿ ಜೂನ್ 1, ಇನ್ನೊಂದರಲ್ಲಿ ಬೇರೆ. ಪಿಎಫ್ (ಭವಿಷ್ಯ ನಿಧಿ) ಖಾತೆ ಮಾಡುವಾಗ ಎಲ್ಲ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ಊರಲ್ಲಿ ಇರುವಾಗಲೇ ಇದನ್ನು ಸರಿ ಮಾಡಿಸಿ. ಬೆಂಗಳೂರಿಗೆ ಬಂದ ಮೇಲೆ ಇದಕ್ಕಂತ ರಜೆ ಹಾಕಿ ಊರಿಗೆ ಓಡಬೇಕು, ಅಷ್ಟು ದಿನದ ಪಗಾರ ಹೋಗುತ್ತೆ.

ಕೆಲಸ ಕೊಡಿಸುತ್ತೇವೆ, ದುಡ್ಡು ಕಟ್ಟಿ ಅನ್ನುತ್ತಾರೆ. ಕಟ್ಟಲಾ?

ಬೇಡ. ನೋಂದಣಿ ಫೀಸು, ಯೂನಿಫಾರ್ಮ್ ಡಿಪಾಸಿಟ್, ಟ್ರೇನಿಂಗ್ ಫೀಸು, ಯಾವ ಹೆಸರಲ್ಲಿ ಕೇಳಿದರೂ ಬೇಡ.

ನಾನು ಬಂದ ಎರಡನೇ ವಾರ ಒಂದು ಕನ್ಸಲ್ಟೆನ್ಸಿಗೆ 2,500 ರೂಪಾಯಿ ಕೊಟ್ಟೆ. ಅವ್ವ ಶೇಂಗಾ ಮಾರಿದ ದುಡ್ಡು ಅದು. ಅವರು ಒಂದು ವಿಳಾಸ ಬರೆದುಕೊಟ್ಟರು. ಹೋಗಿ ನೋಡಿದರೆ ಆ ಕಂಪನಿಯವರಿಗೆ ಅವರು ಯಾರೆಂದೇ ಗೊತ್ತಿರಲಿಲ್ಲ. ವಾಪಸ್ ಬಂದು ಕೇಳಿದಾಗ "ನಾವು ವಿಳಾಸ ಕೊಟ್ಟಿದ್ದೀವಿ, ನಮ್ಮ ಕೆಲಸ ಮುಗೀತು" ಅಂದರು. ಮನೆಯಲ್ಲಿ ಹೇಳಲಿಕ್ಕೆ ಬಾಯಿ ಬರಲಿಲ್ಲ. ಮೂರು ತಿಂಗಳ ಮೇಲೆ ಮಾಮನ ಮುಂದೆ ಹೇಳಿಕೊಂಡೆ. "ಮೊದಲss ಹೇಳಿದ್ರ ನಾನು ಬರತಿದ್ನಲ್ಲೋ" ಅಂದರು, ಅಷ್ಟೇ. ಬೈಯಲಿಲ್ಲ. ಆದ್ದರಿಂದ ಹೇಳುತ್ತೇನೆ, ದುಡ್ಡು ಕೈ ಬಿಡುವ ಮುಂಚೆ ಮನೆಯ ಯಾರಿಗಾದರೂ ಒಂದು ಫೋನ್ ಮಾಡಿ. ಆನ್‌ಲೈನಿನಲ್ಲಿ ಮೋಸ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ.

ಅಪ್ರೆಂಟಿಸ್‌ಗೆ ಸೇರಲಾ, ನೇರ ಕೆಲಸ ಹುಡುಕಲಾ?

ಐಟಿಐ, ಡಿಪ್ಲೊಮಾ ಆದವರು ಒಳ್ಳೆಯ ಕಾರ್ಖಾನೆ ಸಿಕ್ಕರೆ ಅಪ್ರೆಂಟಿಸ್ ಮಾಡಿ. 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ ನಡೆಯುವ ತರಬೇತಿ ಇದು. ಸ್ಟೈಪೆಂಡ್ ಕೊಡುತ್ತಾರೆ, ಸಂಬಳಕ್ಕಿಂತ ಕಡಿಮೆ. ಮುಗಿದ ಮೇಲೆ ಅಲ್ಲೇ ಕೆಲಸ ಕೊಡಲೇಬೇಕು ಅಂತ ಕಂಪನಿಗೆ ಕಟ್ಟುಪಾಡು ಇಲ್ಲ, ಇದನ್ನು ಮನೆಯವರಿಗೂ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ "ಒಂದು ವರ್ಷ ಮಾಡಿ ಬಿಟ್ಟು ಬಂದ" ಅಂತ ಮಾತಾಗುತ್ತೆ. ಆದರೆ ಆ ಸರ್ಟಿಫಿಕೇಟ್ ಇದ್ದವನನ್ನು ನಾವು ಬೇರೆ ಕಣ್ಣಿಂದ ನೋಡುತ್ತೇವೆ.

ನೆಂಟರ ಶಿಫಾರಸಿನಿಂದ ಕೆಲಸ ತಗೊಂಡರೆ ತಪ್ಪಾ?

ತಪ್ಪಲ್ಲ. ಸಣ್ಣ ಕಾರ್ಖಾನೆಗಳಲ್ಲಿ ಮಾಲೀಕ ಮೊದಲು ತನ್ನ ಹಳೆಯ ಕೆಲಸಗಾರನನ್ನೇ ಕೇಳುತ್ತಾನೆ, "ನಿಮ್ಮ ಕಡೆ ಯಾರಾದರೂ ಹುಡುಗ ಇದ್ದಾನಾ?" ಅಂತ. ನನ್ನ ಮಾಮಾ ಹಾಗೇ ನನ್ನ ಹೆಸರು ಹೇಳಿದ್ದು. ಅವರು ಆಗ ಅಲ್ಲಿ ಹತ್ತು ವರ್ಷದಿಂದ ಲೇತ್ ಮೇಲೆ ಇದ್ದರು.

ಆದರೆ ಶಿಫಾರಸು ಮಾಡಿದವರ ಹೆಸರು ನಿಮ್ಮ ಜೊತೆ ದಿನಾ ಕೆಲಸಕ್ಕೆ ಬರುತ್ತೆ, ಇದು ನೆನಪಿರಲಿ. ನೀವು ಹೇಳದೆ ಕೇಳದೆ ನಾಲ್ಕು ದಿನ ಬಿಟ್ಟರೆ, ಮಾಲೀಕ ಕರೆಯುವುದು ನಿಮ್ಮನ್ನಲ್ಲ, ಅವರನ್ನು. ನನ್ನ ಕಣ್ಣೆದುರೇ ಆಗಿದೆ: ಹುಡುಗ ಬೇರೆ ಕಡೆ ಸಾವಿರ ರೂಪಾಯಿ ಜಾಸ್ತಿ ಅಂತ ರಾತ್ರೋರಾತ್ರಿ ಹೋದ. ಅವನ ಕಾಕಾ ಮರುದಿನ ತಲೆ ಬಗ್ಗಿಸಿ ನಿಂತಿದ್ದರು. ಆ ಎರಡು ಮನೆಗಳು ಒಂದು ವರ್ಷ ಮಾತಾಡಲಿಲ್ಲ. ಬಿಡುವುದಾದರೆ ಬಿಡಿ, ಎಲ್ಲರೂ ಬಿಡುತ್ತಾರೆ. ಮೊದಲು ಕಾಕಾಗೆ ಹೇಳಿ, ಆಮೇಲೆ ಮಾಲೀಕನಿಗೆ ಹೇಳಿ, ನೋಟಿಸ್ ಕೊಟ್ಟು, ಕೈಯಲ್ಲಿರುವ ಕೆಲಸ ಮುಗಿಸಿ ಬಿಡಿ.

ಇನ್ನೊಂದು ಮಾತು. ಮೊದಲ ಸಂಬಳ ಬಂದ ದಿನ ಶಿಫಾರಸು ಮಾಡಿದವರ ಮನೆಗೆ ಅರ್ಧ ಕಿಲೋ ಧಾರವಾಡ ಪೇಢೆ ಒಯ್ದು ಕೊಡಿ. ಪೇಢೆ ಸಿಗದಿದ್ದರೆ ಯಾವುದಾದರೂ ಸಿಹಿ. ಫೋನಿನಲ್ಲಿ ಥ್ಯಾಂಕ್ಸ್ ಅಂದು ಮುಗಿಸಬೇಡಿ.

ಮಾಮನ ಮನೆಯಲ್ಲಿ ಎಷ್ಟು ದಿನ ಇರಬಹುದು?

ಎಲ್ಲರೂ ಕೇಳುವ ಪ್ರಶ್ನೆ, ಎಲ್ಲರೂ ನಾಚಿಕೆಯಿಂದ ಕೇಳುವ ಪ್ರಶ್ನೆ.

ಲಗ್ಗೆರೆಯಲ್ಲಿ ನಮ್ಮ ಮಾಮನ ಮನೆ ಅಂದರೆ ಒಂದು ಕೋಣೆ, ಒಂದು ಅಡುಗೆ ಮನೆ. ಮಾಮಾ, ಅತ್ತಿ, ಎರಡು ಮಕ್ಕಳು, ಜೊತೆಗೆ ನಾನು. ರಾತ್ರಿ ಟಿವಿ ಆರಿಸಿದ ಮೇಲೆ ಟ್ರಂಕನ್ನು ಗೋಡೆಗೆ ತಳ್ಳಿ ನನಗೆ ಹಾಸಿಗೆ ಹಾಸುತ್ತಿದ್ದರು. ನನ್ನ ಕಾಲು ಅಡುಗೆ ಮನೆಯ ಹೊಸ್ತಿಲು ದಾಟುತ್ತಿತ್ತು. ಬೆಳಗ್ಗೆ ಐದಕ್ಕೆ ಅತ್ತಿ ರೊಟ್ಟಿ ಬಡಿಯಲು ಏಳುವಾಗ ನನ್ನ ಕಾಲು ದಾಟಿಕೊಂಡು ಹೋಗಬೇಕು. ಒಂದು ದಿನವೂ ಅವರು ಮುಖ ಸಿಂಡರಿಸಲಿಲ್ಲ. ಆದರೆ ನನಗೆ ಕಣ್ಣಿತ್ತು. ಬಾಡಿಗೆ ಮನೆಯಲ್ಲಿ ನೀರು ಎರಡು ದಿನಕ್ಕೊಮ್ಮೆ ಬರುತ್ತಿತ್ತು. ನಾನು ಬಂದ ಮೇಲೆ ಅತ್ತಿ ಎರಡು ಕೊಡ ಜಾಸ್ತಿ ಹಿಡಿದಿಡಬೇಕಾಯಿತು.

ಆದ್ದರಿಂದ ನನ್ನ ಲೆಕ್ಕ ಹೀಗಿದೆ. ಕೆಲಸ ಸಿಗುವ ತನಕ ಇರಿ. ಕೆಲಸ ಸಿಕ್ಕ ಮೇಲೆ ಎರಡನೇ ಸಂಬಳದ ಹೊತ್ತಿಗೆ ರೂಮು ನೋಡಿ, ಮೂರು ನಾಲ್ಕು ಜನ ಸೇರಿ ಅಡ್ವಾನ್ಸ್ ಕೊಟ್ಟು ಹೊರಗೆ ಬನ್ನಿ. ಇರುವಷ್ಟು ದಿನ ನೀರು ನೀವು ತುಂಬಿ, ಮಕ್ಕಳಿಗೆ ಲೆಕ್ಕ ಹೇಳಿಕೊಡಿ, ಭಾನುವಾರ ತರಕಾರಿ ತನ್ನಿ. ಕೈಗೆ ದುಡ್ಡು ಕೊಟ್ಟರೆ ಅವರು ತಗೊಳ್ಳುವುದಿಲ್ಲ, ನೊಂದುಕೊಳ್ಳುತ್ತಾರೆ. ಗ್ಯಾಸ್ ಸಿಲಿಂಡರ್ ಬಂದಾಗ ನೀವೇ ಮುಂದೆ ಹೋಗಿ ಕೊಟ್ಟುಬಿಡಿ. ರೂಮು ಹತ್ತಿರದಲ್ಲೇ ಹುಡುಕಿ. ನಾನು ಹೆಗ್ಗನಹಳ್ಳಿಗೆ ಹೋದೆ, ನಡೆದು ಹೋಗುವಷ್ಟು ದೂರ. ಭಾನುವಾರದ ಊಟ ಇವತ್ತಿಗೂ ಅತ್ತಿಯ ಕೈಯದೇ.

ಸಂಬಳದಲ್ಲಿ ಪಿಎಫ್, ಇಎಸ್ಐ ಅಂತ ಯಾಕೆ ಹಿಡಿಯುತ್ತಾರೆ?

ಪಿಎಫ್‌ಗೆ ಬೇಸಿಕ್ (ಮೂಲ ಸಂಬಳ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿದ ಮೊತ್ತದ ಶೇಕಡ 12 ಹಿಡಿಯುತ್ತಾರೆ, ಕಂಪನಿಯೂ ಶೇಕಡ 12 ಹಾಕುತ್ತೆ. ಅದು ನಿಮ್ಮದೇ ದುಡ್ಡು. ಪಿಎಫ್‌ಗೆ ಅಂತ 12 ಅಂಕಿಯ ಯುಎಎನ್ ನಂಬರ್ ಕೊಡುತ್ತಾರೆ. ಜನ್ಮಕ್ಕೆ ಒಂದೇ. ಕೆಲಸ ಬದಲಿಸಿದಾಗ ಅದನ್ನೇ ಕೊಡಿ, ಹೊಸದು ಮಾಡಿಸಬೇಡಿ.

ಇಎಸ್ಐ ಅಂದರೆ ಕೆಲಸಗಾರರ ಆರೋಗ್ಯ ವಿಮೆ, ತಿಂಗಳಿಗೆ 21,000 ರೂಪಾಯಿ ತನಕ ಸಂಬಳ ಇರುವವರಿಗೆ. ನಿಮ್ಮಿಂದ ಶೇಕಡ 0.75, ಕಂಪನಿಯಿಂದ ಶೇಕಡ 3.25. ಹದಿನಾರು ಸಾವಿರ ಸಂಬಳಕ್ಕೆ ನಿಮ್ಮ ಪಾಲು 120 ರೂಪಾಯಿ. ಹುಡುಗರಿಗೆ ಗೊತ್ತಿಲ್ಲದ ಮಾತು ಒಂದಿದೆ: ನಿಮ್ಮನ್ನೇ ನಂಬಿಕೊಂಡ ಅಪ್ಪ ಅವ್ವನ ಹೆಸರನ್ನೂ ಅದರಲ್ಲಿ ಸೇರಿಸಬಹುದು. ಅವರ ಸ್ವಂತ ಆದಾಯಕ್ಕೆ ಒಂದು ಮಿತಿ ಇದೆ, ಅದನ್ನು ಆಫೀಸಿನಲ್ಲಿ ಕೇಳಿಕೊಳ್ಳಿ. ಫಾರ್ಮ್ ತುಂಬುವಾಗ ಎಚ್‌ಆರ್ ಅವಸರದಲ್ಲಿ "ಮದುವೆ ಆಗಿಲ್ವಾ, ಸರಿ ಬಿಡು" ಅಂತ ಮುಂದೆ ಹೋಗುತ್ತಾರೆ. ನಿಲ್ಲಿಸಿ ಹೇಳಿ. ನಮ್ಮ ಶಾಪಿನ ಒಬ್ಬ ಹುಡುಗ ಹಾಗೆ ಹೆಸರು ಸೇರಿಸಿದ್ದರಿಂದಲೇ ಅವನ ತಾಯಿಗೆ ರಾಜಾಜಿನಗರದ ಇಎಸ್ಐ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು.

ನೇಮಕಾತಿ ಪತ್ರ ಕೇಳಿ ತಗೊಳ್ಳಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಅದು ಎಲ್ಲ ಕೆಲಸಗಾರರಿಗೂ ಕೊಡಬೇಕಾದದ್ದು.

ಮನೆಗೆ ಎಷ್ಟು ಕಳಿಸಬೇಕು? ನೆಂಟರು ಸಾಲ ಕೇಳಿದರೆ?

ಮೊದಲ ಆರು ತಿಂಗಳು ಕಡಿಮೆ ಕಳಿಸಿ, ಆದರೆ ತಪ್ಪದೆ ಕಳಿಸಿ. ಒಂದು ತಿಂಗಳು ಎಂಟು ಸಾವಿರ, ಮರುತಿಂಗಳು ಸೊನ್ನೆ ಅಂದರೆ ಮನೆಯಲ್ಲಿ ಗಾಬರಿ ಬೀಳುತ್ತಾರೆ. ಪ್ರತಿ ತಿಂಗಳು ಎರಡು ಸಾವಿರ ಬಂದರೆ ಅವರು ಅದರ ಮೇಲೆ ಲೆಕ್ಕ ಹಾಕಿಕೊಳ್ಳಬಹುದು. ಅಂಚೆ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಂದ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಉಳಿತಾಯ) ಶುರು ಮಾಡಬಹುದು, ಐದು ವರ್ಷದ್ದು. ತಂಗಿಯ ಹೆಸರಲ್ಲಿ ಒಂದು ತೆಗೆಯಿರಿ.

ಸಾಲದ ವಿಷಯ ಕಷ್ಟದ್ದು. ನೀವು ಬೆಂಗಳೂರಿನಲ್ಲಿ ಇದ್ದೀರಿ ಅಂದರೆ ಊರಲ್ಲಿ ನಿಮ್ಮ ಹತ್ತಿರ ದುಡ್ಡು ಇದೆ ಅಂತಲೇ ಲೆಕ್ಕ. ಬಾಡಿಗೆ, ಅಡ್ವಾನ್ಸ್, ಬಸ್ಸು, ಊಟ ಅವರಿಗೆ ಕಾಣುವುದಿಲ್ಲ. ಕಾಣಿಸಿ. ನಾನು ಒಂದು ದೀಪಾವಳಿಗೆ ಹೋದಾಗ ಸಂಬಳದ ಚೀಟಿ ತೆಗೆದು ದೊಡ್ಡಪ್ಪನ ಮುಂದೆ ಇಟ್ಟು ಒಂದೊಂದೇ ಖರ್ಚು ಬರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, "ಇಷ್ಟರಾಗ ಹೆಂಗ ಉಣತೀಯೋ ತಮ್ಮಾ?" ಅಂದರು. ಅವತ್ತಿನಿಂದ ನಮ್ಮ ಮನೆತನದಲ್ಲಿ ಯಾರಾದರೂ ನನ್ನನ್ನು ದುಡ್ಡು ಕೇಳಿದರೆ ದೊಡ್ಡಪ್ಪನೇ ಉತ್ತರ ಹೇಳುತ್ತಿದ್ದರು. ಆಸ್ಪತ್ರೆಗೆ ಅಂತ ಕೇಳಿದರೆ ಕೈಲಾದಷ್ಟು ಕೊಡಿ, ವಾಪಸ್ ಬರುತ್ತೆ ಅಂತ ಕಾಯಬೇಡಿ. ನಿಮ್ಮ ಹೆಸರಲ್ಲಿ ಲೋನ್ ತೆಗೆದುಕೊಡು ಅಂದರೆ, ಯಾರೇ ಆಗಲಿ, ಬೇಡ ಅನ್ನಿ.

ಫೋನ್ ಮಾಡಿದರೆ "ಊಟ ಆಯ್ತಾ" ಬಿಟ್ಟರೆ ಮಾತೇ ಇಲ್ಲ. ಏನು ಮಾತಾಡಲಿ?

"ಊಟಾ ಆತೇನು?" ಅನ್ನುವುದನ್ನು ಸಣ್ಣದು ಅಂತ ತಿಳಿಯಬೇಡಿ. ಏನು ಉಂಡಿರಿ ಅಂತ ಹೇಳಿ, ಅವರದೂ ಕೇಳಿ. ಜೋಳ ಎಷ್ಟಕ್ಕೆ ಹೋಯಿತು, ಎಮ್ಮೆ ಈಯಿತಾ, ಮಳೆ ಬಂತಾ, ಪಕ್ಕದ ಮನೆಯ ಮುದುಕ ಹೇಗಿದ್ದಾನೆ. ನಿಮಗೆ ಇವು ಗೊತ್ತಿಲ್ಲ ಅಂದರೆ ಊರಿಗೆ ಹೋದಾಗ ಕಟ್ಟೆಯ ಮೇಲೆ ಕೂತು ಮಾತಾಡಲು ಏನೂ ಉಳಿಯುವುದಿಲ್ಲ.

ಅಪ್ಪ ಅವ್ವನ ಜೊತೆ ಎಲ್ಲರೂ ಮಾತಾಡುತ್ತಾರೆ. ದೂರವಾಗುವುದು ಕಾಕಾ, ಅತ್ತಿ, ದೊಡ್ಡವ್ವ, ಅವರ ಮಕ್ಕಳು. ನಾನು ಭಾನುವಾರ ಬಟ್ಟೆ ಒಗೆದು ಹಾಕಿದ ಮೇಲೆ ವಾರಕ್ಕೆ ಒಂದು ಮನೆಗೆ ಅಂತ ಫೋನ್ ಮಾಡುತ್ತೇನೆ. ನಮ್ಮದು ಒಂಬತ್ತು ಮನೆ. ಎರಡು ತಿಂಗಳಿಗೆ ಒಂದು ಸುತ್ತು ಬರುತ್ತೆ. ಐದು ನಿಮಿಷ ಸಾಕು. ಕೆಲಸ ಇದ್ದಾಗ ಮಾತ್ರ ಫೋನ್ ಮಾಡುವವನು ಅನ್ನಿಸಿಕೊಳ್ಳಬೇಡಿ, ಅದು ಬಹಳ ಬೇಗ ಹಬ್ಬುವ ಹೆಸರು.

ವಾಟ್ಸಾಪ್ ಗ್ರೂಪು ಇರಲಿ, ಆದರೆ ಅದೇ ಸಾಕು ಅಂದುಕೊಳ್ಳಬೇಡಿ. ನಮ್ಮ ಗ್ರೂಪಿನಲ್ಲಿ ನಲವತ್ತು ಜನ, ಬರುವುದು ಗುಡ್ ಮಾರ್ನಿಂಗ್ ಹೂವಿನ ಚಿತ್ರಗಳು. ಓದಲು ಬರದ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಅದರಲ್ಲಿ ಇರಲೇ ಇಲ್ಲ. ನಾನು ದನಿ ರೆಕಾರ್ಡ್ ಮಾಡಿ ತಮ್ಮನಿಗೆ ಕಳಿಸುತ್ತಿದ್ದೆ, ಅವನು ಅವರ ಕಿವಿ ಹತ್ತಿರ ಹಿಡಿದು ಕೇಳಿಸುತ್ತಿದ್ದ. ಆಯಿ ಫೋನಿಗೇ ಉತ್ತರ ಹೇಳುತ್ತಿದ್ದರಂತೆ, ನಡುವೆ ನಿಲ್ಲಿಸಿ "ಕೇಳಾಕತ್ತಾನೇನು?" ಅಂತ ಕೇಳುತ್ತಿದ್ದರಂತೆ. ತಮ್ಮ ಅವನ್ನೂ ರೆಕಾರ್ಡ್ ಮಾಡಿ ಕಳಿಸಿದ. ಆಯಿ ತೀರಿಕೊಂಡು ನಾಲ್ಕು ವರ್ಷ. ಆ ಹನ್ನೊಂದು ರೆಕಾರ್ಡಿಂಗ್ ನನ್ನ ಹತ್ತಿರ ಇವೆ.

ಹಬ್ಬ, ಮದುವೆ, ಜಾತ್ರೆ, ಎಲ್ಲದಕ್ಕೂ ರಜೆ ಸಿಗಲ್ಲ. ಯಾವುದಕ್ಕೆ ಹೋಗಲಿ?

ಮಣ್ಣಿಗೆ, ಅಂದರೆ ಯಾರಾದರೂ ತೀರಿಕೊಂಡಾಗ ಅಂತ್ಯಕ್ರಿಯೆಗೆ, ಹೋಗಿ. ರಜೆ ಕೊಡದಿದ್ದರೂ ಹೋಗಿ. ಮದುವೆಗೆ ಬರದಿದ್ದವನನ್ನು ಮರೆಯುತ್ತಾರೆ, ಮಣ್ಣಿಗೆ ಬರದವನನ್ನು ಮರೆಯುವುದಿಲ್ಲ. ಅವತ್ತು ಊರು ಮುಟ್ಟಲಾಗದಿದ್ದರೆ ದಿನದ ಕಾರ್ಯಕ್ಕಾದರೂ ಮುಖ ತೋರಿಸಿ.

ಉಳಿದಂತೆ ವರ್ಷಕ್ಕೆ ಎರಡು ಆರಿಸಿಕೊಳ್ಳಿ. ನಮ್ಮ ಕಡೆಯವರಿಗೆ ನಾಗರ ಪಂಚಮಿ ದೊಡ್ಡದು. ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಉಂಡಿ ಕಟ್ಟುತ್ತಾರೆ, ಜೋಕಾಲಿ ಹಾಕುತ್ತಾರೆ. ಅಕ್ಕ, ಅತ್ತಿ, ಅವರ ಮಕ್ಕಳು ಒಂದೇ ಕಡೆ ಸಿಗುವುದು ಆಗಲೇ. ಜನವರಿಯಲ್ಲೇ ಕ್ಯಾಲೆಂಡರ್ ನೋಡಿ ಸೂಪರ್‌ವೈಸರಿಗೆ ಹೇಳಿಡಿ. ಹಬ್ಬದ ಹಿಂದಿನ ದಿನ ಬಂದು ನಿಂತ ಹದಿನೈದು ಜನರಿಗೆ ನಾನು ರಜೆ ಕೊಡಲಾರೆ, ಮೊದಲೇ ಹೇಳಿದವನಿಗೆ ಕೊಡುತ್ತೇನೆ. ರೈಲಿನ ಟಿಕೆಟ್ 60 ದಿನ ಮುಂಚೆ ತೆರೆಯುತ್ತೆ (2024ರ ನವೆಂಬರ್ 1ಕ್ಕಿಂತ ಮೊದಲು 120 ದಿನ ಇತ್ತು). ತಡ ಮಾಡಿದರೆ ಖಾಸಗಿ ಬಸ್ಸಿನವರು ಹಬ್ಬದ ರೇಟು ಕೇಳುತ್ತಾರೆ.

ಹುಡುಗಿಯರು ಒಬ್ಬರೇ ಬರಬಹುದಾ?

ಬರುತ್ತಿದ್ದಾರೆ, ಚೆನ್ನಾಗಿ ದುಡಿಯುತ್ತಿದ್ದಾರೆ. ಗಾರ್ಮೆಂಟ್ಸ್, ಎಲೆಕ್ಟ್ರಾನಿಕ್ಸ್ ಜೋಡಣೆ, ಆಸ್ಪತ್ರೆ, ಅಕೌಂಟ್ಸ್. ಕಂಪನಿಯ ಹಾಸ್ಟೆಲ್ ಇದ್ದರೆ ಮೊದಲು ಅಲ್ಲಿ ಇರಿ. ರಾತ್ರಿ ಶಿಫ್ಟಿಗೆ ಕ್ಯಾಬ್ ಅಥವಾ ಬಸ್ ಕೊಡುತ್ತಾರಾ ಅಂತ ಸೇರುವ ಮುಂಚೆಯೇ ಕೇಳಿ. ಕಾಕಾನೋ ಅಣ್ಣನೋ ಒಬ್ಬರು ಬಂದು ಜಾಗ ನೋಡಿಕೊಂಡು ಹೋಗಲಿ. ಮನೆಯಲ್ಲಿ ಬೇಡ ಅನ್ನುವವರ ಅರ್ಧ ಭಯ ಅಲ್ಲಿಗೆ ಇಳಿಯುತ್ತೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ. ನಮ್ಮ ಶಾಪಿನ ಕ್ವಾಲಿಟಿ ವಿಭಾಗದ ಹುಡುಗಿ ಎರಡು ತಿಂಗಳಿಗೊಮ್ಮೆ ಹಾವೇರಿಗೆ ಹೋಗಿಬರುತ್ತಾಳೆ.

ಮೂರು ತಿಂಗಳಾಯಿತು, ಕೆಲಸ ಸಿಕ್ಕಿಲ್ಲ. ಊರಿಗೆ ಮುಖ ತೋರಿಸಲು ನಾಚಿಕೆ.

ಊರಿಗೆ ಹೋಗಿ ಎಂಟು ದಿನ ಇದ್ದು ಬನ್ನಿ. ಸುಮ್ನೆ ರೂಮಿನಲ್ಲಿ ಒಬ್ಬರೇ ಮಲಗಬೇಡಿ. ಫೋನ್ ಎತ್ತುವುದನ್ನು ಮಾತ್ರ ಬಿಡಬೇಡಿ. ನೀವು ಎತ್ತದಿದ್ದರೆ ಅಲ್ಲಿ ಅವ್ವ ಉಣ್ಣುವುದಿಲ್ಲ.

ಡಿಗ್ರಿ ಅಥವಾ ಡಿಪ್ಲೊಮಾ ಮುಗಿಸಿ 180 ದಿನ ಆದರೂ ಕೆಲಸ ಇಲ್ಲದಿದ್ದರೆ ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲಿನಲ್ಲಿ ಯುವನಿಧಿ ಭತ್ಯೆಗೆ ಅರ್ಜಿ ಹಾಕಬಹುದು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಮುಂದೆ ಓದುತ್ತಿರುವವರಿಗೆ ಇಲ್ಲ, ಕೆಲಸ ಸಿಕ್ಕ ಮೇಲೆ ನಿಲ್ಲುತ್ತೆ.

ಊರ ಹತ್ತಿರವೇ ಕೆಲಸ ಇಲ್ವಾ?

ಇದೆ. ಹುಬ್ಬಳ್ಳಿ–ಧಾರವಾಡದ ಕಾರ್ಖಾನೆಗಳು, ಬೆಳಗಾವಿಯ ಫೌಂಡ್ರಿಗಳು, ತೋರಣಗಲ್ಲಿನ ಉಕ್ಕು. ಮೊದಲು ಅಲ್ಲಿ ವಿಚಾರಿಸಿ. ಸಂಬಳ ಎರಡು ಮೂರು ಸಾವಿರ ಕಡಿಮೆ ಇದ್ದರೂ ಬಾಡಿಗೆ ಉಳಿಯುತ್ತೆ, ಶನಿವಾರ ರಾತ್ರಿ ಮನೆ ಊಟ ಸಿಗುತ್ತೆ. ಸ್ವಂತ ಕೆಲಸದ ಆಸೆ ಇದ್ದವರಿಗೆ ರುಡ್‌ಸೆಟ್ ಸಂಸ್ಥೆಯಲ್ಲಿ ಊಟ ವಸತಿ ಸಮೇತ ಪುಕ್ಕಟೆ ತರಬೇತಿ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದದ್ದು, ಈಗ ಅದೇ ಮಾದರಿಯ ಆರ್‌ಸೆಟಿಗಳು ಜಿಲ್ಲೆ ಜಿಲ್ಲೆಗಳಲ್ಲಿ ಇವೆ.

ನನಗೆ ಕೆಲಸ ಸಿಕ್ಕು ಎರಡು ವರ್ಷ. ಈಗ ಕಾಕಾನ ಮಗ ಬರ್ತಾನಂತೆ. ನಾನೇನು ಮಾಡಲಿ?

ಬಸ್ಸು ಗೊರಗುಂಟೆಪಾಳ್ಯಕ್ಕೆ ಬೆಳಗ್ಗೆ ಐದೂವರೆಗೆ ಬರುತ್ತೆ. ಐದಕ್ಕೇ ಹೋಗಿ ನಿಲ್ಲಿ. ಅವನ ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ನಿಮಗೆ ಅಂತ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಇರುತ್ತೆ. ಆ ಚೀಲ ನೀವು ಹಿಡಿದುಕೊಳ್ಳಿ. ಮೊದಲು ಚಹಾ ಕುಡಿಸಿ, "ಮುಟ್ಟಿದ" ಅಂತ ಕಾಕಾಗೆ ಅವನ ಎದುರೇ ಫೋನ್ ಮಾಡಿ. ಅವತ್ತು ಕೆಲಸದ ಮಾತು ಬೇಡ, ಮಲಗಲಿ. ಮರುದಿನ ವರ್ನಿಯರ್ ಕೈಗೆ ಕೊಡಿ.